ರಾಗಿ ಡಬ್ಬಿಗೆ ಕೈ ಹಾಕಿದ ಪುಟ್ಟ



ಅಂಗಡಿಯಿಂದ ತಂದ ಆಟಿಕೆಯನ್ನು ಮೂಲೆಗೆ ಎಸೆದು ಮಗು ರಾಗಿ ಹಿಟ್ಟಿನ ಡಬ್ಬಿಗೆ ಕೈ ಹಾಕುತ್ತದೆ. "ಅಯ್ಯೋ, ಚೆಲ್ಲಬೇಡ್ವೋ ಪುಟ್ಟಾ!" ಎಂದು ನಾವು ಗದರುತ್ತೇವೆ. ಆದರೆ ಮಕ್ಕಳ ಶಿಕ್ಷಣದ ಇತಿಹಾಸ ಓದಿದರೆ ಪುಟ್ಟನದೇ ಸರಿ ಅನ್ನಿಸುತ್ತದೆ.

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ವೈದ್ಯೆ ಮರಿಯಾ ಮಾಂಟೆಸ್ಸರಿ 'ಮಕ್ಕಳ ಮನೆ' ತೆರೆದರು. ಎಳೆಯ ಮಕ್ಕಳ ಮೊದಲ ಗುರು ಕೈ ಎಂದು ಅವರು ನಂಬಿದ್ದರು. ಉಪ್ಪುಕಾಗದ ಅಂಟಿಸಿದ ಹಲಗೆ, ಅಲ್ಲಾಡಿಸಿದರೆ ಸದ್ದು ಮಾಡುವ ಡಬ್ಬಿ, ಕಣ್ಣು ಕಟ್ಟಿಕೊಂಡು ಮುಟ್ಟಿ ಜೋಡಿಸುವ ಬಟ್ಟೆ ಚೂರುಗಳು ಅವರ ಪಾಠದ ಸಾಮಾನುಗಳು. ಜೊತೆಗೆ, ಫ್ರಾನ್ಸಿನ ವೈದ್ಯ ಸೆಗ್ಯಾಂ ಅವರಿಂದ ಪಡೆದ ಮೂರು ಮೆಟ್ಟಿಲಿನ ಪಾಠವೂ ಇತ್ತು. ಮೊದಲು "ಇದು ಒರಟು, ಇದು ನುಣುಪು" ಎಂದು ಹೆಸರು ಹೇಳುವುದು. ಆಮೇಲೆ "ಒರಟು ಯಾವುದು, ತೋರಿಸು" ಎನ್ನುವುದು. ಕೊನೆಗೆ "ಇದೇನು?" ಎಂದು ಕೇಳುವುದು.

ಮಾಂಟೆಸ್ಸರಿ 1939ರಲ್ಲಿ ಶಿಕ್ಷಕರಿಗೆ ತರಬೇತಿ ಕೊಡಲು ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಇಟಲಿಯವರೆಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರ ಓಡಾಟಕ್ಕೆ ನಿರ್ಬಂಧ ಹಾಕಿತು. ಅವರು ಯುರೋಪಿಗೆ ಮರಳಿದ್ದು 1946ರಲ್ಲಿ. ಯುದ್ಧದ ಆ ವರ್ಷಗಳಲ್ಲೂ ಅಡ್ಯಾರ್, ಕೊಡೈಕೆನಾಲ್‌ಗಳಲ್ಲಿ ಅವರ ಕೆಲಸ ನಡೆದೇ ಇತ್ತು.

ಆದರೆ ಅವರ ಸಾಮಾನುಗಳು ದುಬಾರಿ. ಹಳ್ಳಿಯ ಮಕ್ಕಳಿಗೆ ಅವು ಎಲ್ಲಿಂದ ಬರಬೇಕು? 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲಶಿಕ್ಷಣ ಕೇಂದ್ರ ಆರಂಭಿಸಿದ ತಾರಾಬಾಯಿ ಮೋಡಕ್ ಇದಕ್ಕೆ ಉತ್ತರ ಕಂಡುಕೊಂಡರು. ಬೀಜ, ಕಲ್ಲು, ಚಿಪ್ಪು, ಎಲೆ ಹೀಗೆ ಸುತ್ತಮುತ್ತ ಸಿಕ್ಕಿದ್ದೇ ಅವರಿಗೆ ಪಾಠದ ಸಾಮಾನಾಯಿತು. ಅಂಗಳದಲ್ಲೇ ನಡೆದ ಅವರ ಶಾಲೆಗೆ 'ಅಂಗನವಾಡಿ' ಎಂಬ ಹೆಸರು ಬಂತು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಯೋಜನೆ ಶುರುವಾದಾಗ ಆ ಹೆಸರು ದೇಶವೆಲ್ಲ ಹರಡಿತು.

ಈಗ ನಮ್ಮ ಮಧುರವಾಡಕ್ಕೆ ಬರೋಣ. ಊರಿಂದ ತಂದ ಚನ್ನಪಟ್ಟಣದ ಬೊಂಬೆ ಹಲವರ ಮನೆಯಲ್ಲಿದೆ. ಇಲ್ಲಿಗೆ ದೂರವಲ್ಲದ ಏಟಿಕೊಪ್ಪಾಕದ ಬೊಂಬೆಯೂ ಅದೇ ಹಾಲೆ ಮರದ್ದು. ಇಲ್ಲಿನವರು ಅದನ್ನು ಅಂಕುಡು ಅನ್ನುತ್ತಾರೆ. ಎರಡಕ್ಕೂ ಅರಗಿನದೇ ಬಣ್ಣ. ಮರ ಒಂದೇ, ಮುಟ್ಟಿದರೆ ಸಿಗುವ ನುಣುಪೂ ಒಂದೇ, ಆದರೆ ಹೆಸರು ಬೇರೆ. ನಮ್ಮ ಚಿಂತೆ ಇರುವುದೂ ಅಲ್ಲೇ. ಶಾಲೆಯಲ್ಲಿ ಮಗುವಿಗೆ ತೆಲುಗು, ಇಂಗ್ಲಿಷ್ ಪದಗಳು ಸಿಗುತ್ತವೆ. ತರಿತರಿ, ಜಿಗುಟು, ಮೆತ್ತಗೆ, ಗರಿಗರಿ, ಉಗುರುಬೆಚ್ಚಗೆ ಎನ್ನುವುದನ್ನು ಯಾರು ಹೇಳಿಕೊಡಬೇಕು? ಇವು ಪುಸ್ತಕದಿಂದ ಬರುವ ಮಾತಲ್ಲ, ಬೆರಳಿನಿಂದ ಬರುವ ಮಾತು.

ಅದಕ್ಕೆ ದುಡ್ಡೇನೂ ಬೇಕಿಲ್ಲ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ, ಬೆರಳಲ್ಲಿ 'ಅ' ಬರೆಯಲಿ. ಕಲಸಿದ ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ. ಬಟ್ಟೆ ಚೀಲದಲ್ಲಿ ತೆಂಗಿನ ನಾರು, ಹಳೆ ರೇಷ್ಮೆ ಸೀರೆಯ ತುಂಡು, ಮರದ ಸೌಟು ಇಟ್ಟು, ನೋಡದೆ ಮುಟ್ಟಿ ಹೇಳಿಸಿ. ಪ್ಲಾಸ್ಟಿಕ್ ಬಾಟಲಿಗೆ ಹುಣಸೆ ಬೀಜ ಹಾಕಿ ಮುಚ್ಚಳವನ್ನು ಭದ್ರವಾಗಿ ಅಂಟಿಸಿದರೆ ಗಿಲಕಿ ಸಿದ್ಧ. ಒಂದು ಎಚ್ಚರಿಕೆ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬಿಡಿ ಕಾಳು, ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಆಟ ಮುಗಿಯುವವರೆಗೂ ಹತ್ತಿರವೇ ಇರಿ.

ಈ ಭಾನುವಾರ ಪುಟ್ಟ ರಾಗಿ ಡಬ್ಬಿಗೆ ಕೈ ಹಾಕಿದರೆ ಗದರಬೇಡಿ. ಕೆಳಗೊಂದು ಹಳೆ ಪೇಪರ್ ಹಾಸಿ, ಪಕ್ಕದಲ್ಲಿ ಕೂತು, "ನುಣ್ಣಗಿದೆ ಅಲ್ವಾ ಕಂದಾ?" ಅನ್ನಿ. ಪಾಠ ಶುರುವಾದ ಹಾಗೇ.