ಉಷ್ಣಪ್ರಿಯ ಬ್ಯಾಕ್ಟೀರಿಯಾ

ಬೇರೆ ಜೀವಿಗಳು ಬೆಂದುಹೋಗುವಂಥ ಬಿಸಿಯಲ್ಲಿ ಬಾಳುವ ಸೂಕ್ಷ್ಮಜೀವಿಗಳು. ಸುಮಾರು 45ರಿಂದ 80 ಡಿಗ್ರಿ ಸೆಲ್ಸಿಯಸ್ ಇವಕ್ಕೆ ಹಿತವಾದ ಶಾಖ. ಬಿಸಿನೀರಿನ ಬುಗ್ಗೆ, ಹಬೆಯಾಡುವ ಗೊಬ್ಬರದ ರಾಶಿ, ಕಡಲತಳದ ಬಿಸಿಬಿರುಕುಗಳು ಇವುಗಳ ನೆಲೆ.

ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾಗುವುದು ಅದರ ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಳ್ಳುವುದರಿಂದ. ಕಿಣ್ವಗಳೂ ಪ್ರೋಟೀನುಗಳೇ, ಆದರೆ ಉಷ್ಣಪ್ರಿಯಗಳ ಕಿಣ್ವಗಳಲ್ಲಿ ಈ ಮಡಿಕೆಗಳು ಹೆಚ್ಚು ಒತ್ತಾಗಿ ಕೂಡಿಕೊಂಡಿವೆ. ಅವುಗಳನ್ನು ಹಿಡಿದಿಡುವ ವಿದ್ಯುದಾವೇಶದ ಬಂಧಗಳೂ ಹೆಚ್ಚು. ಆದ್ದರಿಂದಲೇ ಅವು ಬಿಸಿಯಲ್ಲೂ ಕೆಲಸ ಮಾಡುತ್ತವೆ.

ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಯಲ್ಲಿ ದೊರೆತ ಥರ್ಮಸ್ ಅಕ್ವಾಟಿಕಸ್ ಅನ್ನು ವಿಜ್ಞಾನಿಗಳಾದ ಥಾಮಸ್ ಬ್ರಾಕ್, ಹಡ್ಸನ್ ಫ್ರೀಜ್ 1969ರಲ್ಲಿ ವರ್ಣಿಸಿದರು. ಅದರ ಡಿಎನ್ಎ ಪಾಲಿಮರೇಸ್ ಕಿಣ್ವವನ್ನು 1976ರಲ್ಲಿ ಬೇರ್ಪಡಿಸಲಾಯಿತು. ಡಿಎನ್ಎಯ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನದಲ್ಲಿ ಪ್ರತಿ ಸುತ್ತಿಗೂ ಡಿಎನ್ಎಯನ್ನು 95 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು. ಹಿಂದೆ ಆ ಬಿಸಿಗೆ ಕಿಣ್ವ ಕೆಡುತ್ತಿದ್ದರಿಂದ ಸುತ್ತಿಗೊಮ್ಮೆ ಹೊಸದನ್ನು ಹಾಕಬೇಕಿತ್ತು. ಈ ಕಿಣ್ವ ಬಂದಮೇಲೆ ಆ ಪಾಡು ತಪ್ಪಿತು. ಕೋವಿಡ್‌ನ ಪಿಸಿಆರ್ ಪರೀಕ್ಷೆಯನ್ನು ಊರೂರಿನಲ್ಲಿ ಮಾಡಲು ಸಾಧ್ಯವಾದದ್ದಕ್ಕೆ ಇಂಥ ಕಿಣ್ವಗಳೂ ಕಾರಣ.

ಕರ್ನಾಟಕದ ಹೆಸರಾಂತ ಬಿಸಿನೀರಿನ ಬುಗ್ಗೆ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಆದರೆ ಶಾಖ 40 ಡಿಗ್ರಿಯ ಸುತ್ತಮುತ್ತ ಮಾತ್ರ, ಉಷ್ಣಪ್ರಿಯಗಳ ನಿಜವಾದ ಬಿಸಿಗಿಂತ ಕಡಿಮೆ. ಮಲೆನಾಡಿನ ಗೊಬ್ಬರದ ರಾಶಿಯ ಒಡಲು 60 ಡಿಗ್ರಿ ಮುಟ್ಟಬಲ್ಲದು. ಹುಡುಕುವವರಿಗೆ ಅದೇ ಹೆಚ್ಚು ಫಲಕೊಡುವ ತಾಣ.

ಭದ್ರಾವತಿಯವರಿಗೆ ಈ ವಿಷಯ ಹತ್ತಿರದ್ದು. ಅಲ್ಲಿನ ಪೇಪರ್ ಟೌನ್ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಬಡಾವಣೆ. ಕಾಗದಕ್ಕಾಗಿ ನೀಲಗಿರಿ ಮುಂತಾದ ಮರಗಳ ಚೂರನ್ನು ಕ್ಷಾರದಲ್ಲಿ ಬೇಯಿಸಿದಾಗ ಬರುವ ತಿರುಳು ಕಂದು; ಅದರಲ್ಲಿ ಲಿಗ್ನಿನ್ ಎಂಬ ಮರದ ಅಂಟು ಉಳಿದಿರುತ್ತದೆ. ಬಿಳುಪಿಗೆ ಕ್ಲೋರಿನ್ ಬಳಸಿದರೆ ಕೊಳೆನೀರಿನಲ್ಲಿ ವಿಷಕಾರಿ ಕ್ಲೋರಿನ್ ಸಂಯುಕ್ತಗಳು ಉಳಿಯುತ್ತವೆ. ಕ್ಸೈಲನೇಸ್ ಎಂಬ ಕಿಣ್ವ ನಾರಿಗೆ ಅಂಟಿಕೊಂಡ ಕ್ಸೈಲಾನ್ ಎಂಬ ಸಕ್ಕರೆಯ ಸರಪಳಿಯನ್ನು ಕತ್ತರಿಸಿ ಲಿಗ್ನಿನ್ ಹೊರಬರಲು ದಾರಿ ಮಾಡುತ್ತದೆ, ಕ್ಲೋರಿನ್ ಕಡಿಮೆ ಸಾಕಾಗುತ್ತದೆ. 1986ರಲ್ಲಿ ಫಿನ್ಲೆಂಡಿನ ಸಂಶೋಧಕರು ಇದನ್ನು ತೋರಿಸಿದರು. ಬೆಂದು ಬಂದ ತಿರುಳು ಬಿಸಿಯೂ ಹೌದು, ಕ್ಷಾರವೂ ಹೌದು. ಸಾಧಾರಣ ಕಿಣ್ವ ಅಲ್ಲಿ ನಿಲ್ಲದು, ಉಷ್ಣಪ್ರಿಯಗಳಂಥವುಗಳದೇ ಬೇಕು. ಜೊತೆಗೆ ಬಳಸುವ ಕ್ಸೈಲನೇಸಿನಲ್ಲಿ ಸೆಲ್ಯುಲೇಸ್ ಬೆರೆತಿರಬಾರದು, ಬೆರೆತರೆ ಕಾಗದದ ನಾರೇ ಸವೆಯುತ್ತದೆ.

ಬಟ್ಟೆಯ ಗಂಜಿ ತೆಗೆಯುವ ಅಮೈಲೇಸ್, ಸೋಪಿನ ಪುಡಿಯ ಪ್ರೋಟಿಯೇಸ್‌ಗಳಿಗೂ ಬಿಸಿ ತಡೆಯುವ ಬಗೆಗಳಿವೆ. ಆದರೆ ಹೊಳೆಯ ದಡದಲ್ಲಿ ಕಾಗದ ಮಾಡುತ್ತಿದ್ದ ಊರಿಗೆ ಇವುಗಳಲ್ಲಿ ಮುಖ್ಯವಾದುದು ಕ್ಸೈಲನೇಸೇ.