ತುಂಡಾದ ಬೆರಳು ಮತ್ತು ಘಟ್ಟದ ದಾರಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಿಂದ ಹಿಡಿದು ಗಂಧದ ಕೊರಡಿನಲ್ಲಿ ಬಳ್ಳಿ ಬಿಡಿಸುವ ಗುಡಿಗಾರರವರೆಗೆ ಎಲ್ಲರ ಅನ್ನವೂ ಬೆರಳ ತುದಿಯಲ್ಲೇ ಇದೆ. ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಮಿಲ್ಲು, ಆಲೆಮನೆಯ ಗಾಣ ಇವೆಲ್ಲ ಕೆಲಸವನ್ನು ಹಗುರಮಾಡಿದಂತೆಯೇ ಬೆರಳಿಗೆ ಹೊಸ ಅಪಾಯಗಳನ್ನೂ ತಂದವು. ಹಾಗೆ ಬೇರ್ಪಟ್ಟ ಬೆರಳನ್ನು ಮರಳಿ ಕೂಡಿಸಿ ಅದರಲ್ಲಿ ರಕ್ತ ಹರಿಯುವಂತೆ ಮಾಡುವ ಚಿಕಿತ್ಸೆಗೆ ವೈದ್ಯರು ಮರುಜೋಡಣೆ ಎನ್ನುತ್ತಾರೆ. ಈ ವಿದ್ಯೆಯನ್ನು ಕಟ್ಟಿದ ಹಿರಿಯರನ್ನು ನೆನೆಯಬೇಕೆಂಬ ಈ ಸ್ಮರಣ ಸಂಚಿಕೆಯ ಸಮಿತಿಯ ಕೋರಿಕೆಯಂತೆ ಸಿದ್ಧವಾದ ಈ ಲೇಖನ ಮಣಿಪಾಲದ ಆಸ್ಪತ್ರೆಯ ಉಪಕಾರ ಕಂಡ ಮನೆಯೊಂದರಿಂದ ಹೊರಟದ್ದಾದುದರಿಂದ, ಅದರ ಪಾಲು ತುಸು ಹಿಗ್ಗಿ ಕಂಡರೆ ಓದುಗರು ಮನ್ನಿಸಬೇಕು.

ಮಣ್ಣುಪಳ್ಳವೆಂಬ ಕೆರೆಯಿಂದ ಹೆಸರು ಪಡೆದ ಮಣಿಪಾಲದ ಬೋಳು ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಕಟ್ಟುವ ಮಾತನ್ನು ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ಡಾ. ಟಿ.ಎಂ.ಎ. ಪೈ ಅವರು ಆಡಿದಾಗ, ಸರ್ಕಾರದ ಹಣವಿಲ್ಲದೆ ಇಂಥದ್ದು ನಡೆದ ಮೇಲ್ಪಂಕ್ತಿ ದೇಶದಲ್ಲಿ ವಿರಳವಾಗಿತ್ತು. ಹನಿಗೂಡಿ ಹಳ್ಳವಾಗುವುದನ್ನು ಅವರು ಮೊದಲೇ ಬಲ್ಲವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕಿಗೆ 1928ರಿಂದ ಮನೆಮನೆಗೆ ಹೋಗಿ ಚಿಲ್ಲರೆ ಉಳಿತಾಯ ಕೂಡಿಸುವ ಪಿಗ್ಮಿ ಪದ್ಧತಿಯನ್ನು ತಂದವರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನೂ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ ಅವರು ಆರಂಭಿಸಿದರು. ಮಣಿಪಾಲದಲ್ಲಿ ತಕ್ಕ ಆಸ್ಪತ್ರೆ ಇನ್ನೂ ಇಲ್ಲದ ಆ ದಿನಗಳಲ್ಲಿ ವಿದ್ಯಾರ್ಥಿಗಳು ರೋಗಿಯ ಹಾಸಿಗೆಯ ಬಳಿ ಕಲಿಯಬೇಕಾದದ್ದನ್ನು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಕಲಿಯಬೇಕಾಯಿತು. 1961ರಲ್ಲಿ ಗುಡ್ಡದ ಮೇಲೆಯೇ ಕಸ್ತೂರ್ಬಾ ಆಸ್ಪತ್ರೆ ತೆರೆದ ಬಳಿಕವೇ ಆಗುಂಬೆ, ಹುಲಿಕಲ್ಲು ಘಾಟಿಗಳನ್ನು ಇಳಿದು ಹೋಗುವವರಿಗೆ ಅದೊಂದು ಆಸರೆಯಾದದ್ದು.

ಆಗ ಬೆರಳಿನ ಮರುಜೋಡಣೆ ಲೋಕದ ಯಾವ ಮೂಲೆಯಲ್ಲಿಯೂ ಕೈಗೂಡಿರಲಿಲ್ಲ. ರಕ್ತನಾಳದ ತುದಿಗೆ ತುದಿ ಹೊಲಿಯುವ ಬಗೆಯನ್ನು 1902ರಲ್ಲಿ ಪ್ರಕಟಿಸಿದ ಅಲೆಕ್ಸಿ ಕ್ಯಾರೆಲ್ ಅವರಿಗೆ 1912ರಲ್ಲಿ ನೊಬೆಲ್ ಬಹುಮಾನ ಸಂದಿದ್ದರೂ, ಸುಮಾರು ಒಂದು ಮಿಲಿಮೀಟರ್ ಅಗಲದ ಬೆರಳಿನ ನಾಳವನ್ನು ಬರಿಗಣ್ಣಿನಲ್ಲಿ ಹೊಲಿಯುವುದು ಆಗದ ಮಾತಾಗಿತ್ತು. 1960ರಲ್ಲಿ ಅಮೆರಿಕದ ಜೇಕಬ್ಸನ್ ಮತ್ತು ಸುವಾರೆಜ್ ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ನಾಳಗಳನ್ನು ಹೊಲಿದು ತೋರಿಸಿದ ಮೇಲೆ ದಾರಿ ತೆರೆಯಿತು. 1962ರಲ್ಲಿ ಬಾಸ್ಟನ್ನಿನ ಮಾಲ್ಟ್ ಅವರ ತಂಡ 12 ವರ್ಷದ ಹುಡುಗನೊಬ್ಬನ ಇಡೀ ತೋಳನ್ನೂ, 1963ರಲ್ಲಿ ಶಾಂಘೈಯ ಚೆನ್ ಝೊಂಗ್‌ವೈ ಕಾರ್ಮಿಕರೊಬ್ಬರ ಮುಂಗೈಯನ್ನೂ ಕೂಡಿಸಿದರು. ಕೊನೆಗೆ 1965ರ ಜುಲೈಯಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯ್ ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮರಳಿ ಜೀವಂತಗೊಳಿಸಿದರು.

ಭಾರತದಲ್ಲಿ ಕೈಯ ಶಸ್ತ್ರಚಿಕಿತ್ಸೆ ಮೊದಲು ಬೆಳೆದದ್ದು ಅಪಘಾತದಿಂದಲ್ಲ, ಕುಷ್ಠರೋಗದಿಂದ. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿಗೆ ಬಂದು, ರೋಗದಿಂದ ಮುದುಡಿದ ಬೆರಳುಗಳಿಗೆ ಬೇರೆಡೆಯ ಸ್ನಾಯುರಜ್ಜುವನ್ನು, ಎಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಯನ್ನು, ಹಾಯಿಸಿ ಚಲನೆ ತಂದುಕೊಟ್ಟರು. ಮದ್ರಾಸಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಾ. ಆರ್. ವೆಂಕಟಸ್ವಾಮಿ ಕೈಗಾಯಗಳಿಗೆಂದೇ ವಿಭಾಗವನ್ನು ಬೆಳೆಸಿದರು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಡಾ. ಎಸ್. ರಾಜಾ ಸಭಾಪತಿ ಕೈಯ ಶಸ್ತ್ರಚಿಕಿತ್ಸೆಗೆ ಒಂದು ದೊಡ್ಡ ಪಾಠಶಾಲೆಯನ್ನೇ ಕಟ್ಟಿದರು. ಮಣಿಪಾಲದಲ್ಲಿ ಡಾ. ಭಾಸ್ಕರಾನಂದ ಕುಮಾರ್, ಡಾ. ಅನಿಲ್ ಕೆ. ಭಟ್ ಮೊದಲಾದ ಮೂಳೆತಜ್ಞರು ಕೈಯನ್ನೇ ತಮ್ಮ ಕ್ಷೇತ್ರ ಮಾಡಿಕೊಂಡುದರಿಂದ ಅಲ್ಲಿ ಕೈ ಶಸ್ತ್ರಚಿಕಿತ್ಸೆಯ ಪ್ರತ್ಯೇಕ ವಿಭಾಗ ನೆಲೆಯಾಯಿತು. ಕೈ ಎಂಬುದು ಮೂಳೆತಜ್ಞರಿಗೆ ಸೇರಿದ್ದೋ ಪ್ಲಾಸ್ಟಿಕ್ ಸರ್ಜನ್ನರಿಗೆ ಸೇರಿದ್ದೋ ಎಂಬ ಮಾತು ಈ ವೃತ್ತಿಯೊಳಗೆ ಲೋಕದೆಲ್ಲೆಡೆ ಆಗಾಗ ಬಿಸಿಯೇರಿದ್ದುಂಟು. ಅದರ ವಿವರ ಸ್ಮರಣ ಸಂಚಿಕೆಗೆ ಒಪ್ಪುವಂಥದ್ದಲ್ಲ. ಎರಡೂ ಕಡೆಯವರು ಒಂದೇ ಸೂಕ್ಷ್ಮದರ್ಶಕದ ಎದುರುಬದುರಿಗೆ ಕೂತಾಗ ರೋಗಿಗೆ ಒಳಿತಾಗಿದೆ ಎಂದಷ್ಟೇ ಹೇಳಿದರೆ ಸಾಕು.

ಆ ಸೂಕ್ಷ್ಮದರ್ಶಕದ ಕೆಳಗೆ ನಡೆಯುವ ಕೆಲಸ ತಾಳ್ಮೆಯದು. ಮೊದಲು ಮೂಳೆಯನ್ನು ತುಸು ಕಿರಿದುಮಾಡಿ ತಂತಿಯಿಂದ ಬಿಗಿದು, ಬೆರಳನ್ನು ಚಾಚುವ ಹಾಗೂ ಮಡಿಸುವ ಹುರಿಗಳನ್ನು ಹೊಲಿದು, ಆಮೇಲೆ ಶುದ್ಧರಕ್ತ ತರುವ ಅಪಧಮನಿ, ಸ್ಪರ್ಶ ತಿಳಿಸುವ ನರ, ರಕ್ತವನ್ನು ಹಿಂದಕ್ಕೊಯ್ಯುವ ಅಭಿಧಮನಿಗಳನ್ನು ತಲೆಗೂದಲಿಗಿಂತ ಸಪೂರವಾದ ನೈಲಾನ್ ಎಳೆಯಿಂದ ಕೂಡಿಸುತ್ತಾರೆ; ಒಂದೊಂದು ಬೆರಳಿಗೆ ಹಲವು ಗಂಟೆ ಹಿಡಿಯುತ್ತದೆ. ಕತ್ತಿಯಿಂದ ನೇರವಾಗಿ ತುಂಡಾದದ್ದಕ್ಕೆ ಅವಕಾಶ ಹೆಚ್ಚು, ಯಂತ್ರಕ್ಕೆ ಸಿಕ್ಕಿ ಜಜ್ಜಿಹೋದದ್ದಕ್ಕೆ ಬಹಳ ಕಡಿಮೆ. ಈ ಲೆಕ್ಕದಲ್ಲಿ ಹಳೆಯ ಮೆಟ್ಟುಗತ್ತಿಯೇ ಹೊಸ ಯಂತ್ರಕ್ಕಿಂತ ದಯಾಳು ಎನ್ನಬೇಕು. ಎಲ್ಲ ಬೆರಳನ್ನೂ ಜೋಡಿಸುವ ಹಟವೂ ಸಲ್ಲದು: ಹೆಬ್ಬೆರಳು, ಒಟ್ಟಿಗೆ ಹೋದ ಹಲವು ಬೆರಳು, ಮಕ್ಕಳ ಬೆರಳು ಇವಕ್ಕೆ ಪ್ರಾಶಸ್ತ್ಯ, ಏಕೆಂದರೆ ಕೂಡಿದರೂ ಮಡಿಯದ ಒಂಟಿ ಬೆರಳು ದುಡಿಯುವ ಕೈಗೆ ತೊಡಕೇ ಆಗಬಹುದು.

ತುಂಡಾದ ಬೆರಳಿನಲ್ಲಿ ಹೆಚ್ಚು ಮಾಂಸಖಂಡವಿಲ್ಲದ ಕಾರಣ ಅದು ತಂಪಿಲ್ಲದೆಯೂ ಸುಮಾರು 12 ಗಂಟೆ, ಸರಿಯಾಗಿ ತಂಪಿನಲ್ಲಿಟ್ಟರೆ 24 ಗಂಟೆಯವರೆಗೂ ತಾಳಬಲ್ಲದು. ತೋಳಿಗಾದರೆ 6 ಗಂಟೆಯೇ ಹೆಚ್ಚು. ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಒಳಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ಬೆರೆಸಿದ ನೀರಿನಲ್ಲಿ ಇಡಬೇಕು. ನೇರವಾಗಿ ಐಸಿನ ಮೇಲಿಟ್ಟರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ, ಬರೀ ನೀರಿನಲ್ಲಿ ಮುಳುಗಿಸಿದರೆ ಉಬ್ಬಿ ಕೆಡುತ್ತವೆ. ಮೈಲುಗಟ್ಟಲೆ ದೂರದ ಈ ಸೀಮೆಗೆ ಸೂಕ್ಷ್ಮದರ್ಶಕಕ್ಕಿಂತಲೂ ಮೊದಲು ತಲುಪಬೇಕಾದದ್ದು ಈ ಚೀಲದ ತಿಳಿವಳಿಕೆ ಎಂಬುದು ಲೇಖಕರ ದೃಢ ಅಭಿಪ್ರಾಯ.

ಜೋಡಿಸಿದ ಬೆರಳಿಗೆ ರಕ್ತ ಬಂದರೂ ಹಿಂದಿರುಗಲಾರದೆ ನೀಲಿಗಟ್ಟಿದಾಗ ಜಿಗಣೆ ಕಚ್ಚಿಸುವ ಕ್ರಮ ಇಂದಿಗೂ ಇದೆ. ಅದರ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ವಸ್ತು ರಕ್ತ ಹೆಪ್ಪಾಗದಂತೆ ತಡೆಯುತ್ತದೆ. ಸುಶ್ರುತ ಸಂಹಿತೆ 12 ಬಗೆಯ ಜಿಗಣೆಗಳಲ್ಲಿ 6 ವಿಷವುಳ್ಳವೆಂದು ವಿಂಗಡಿಸಿದ್ದುಂಟು. ಉಂಬಳಕ್ಕೆ ಸುಣ್ಣ ಹಚ್ಚಿ ಕಿತ್ತೆಸೆಯುವ ಮಲೆನಾಡಿಗರಿಗೆ ಅದರ ನೆಂಟನೊಬ್ಬನಿಗೆ ಆಸ್ಪತ್ರೆಯಲ್ಲಿ ಸಿಗುವ ಮರ್ಯಾದೆ ವಿಚಿತ್ರವೆನಿಸೀತು. ಅದಕ್ಕಿಂತ ಕಷ್ಟದ ಪಥ್ಯವೆಂದರೆ ಬೀಡಿಯನ್ನೂ ಕವಳದ ಹೊಗೆಸೊಪ್ಪನ್ನೂ ಬಿಡುವುದು, ಏಕೆಂದರೆ ಅವುಗಳೊಳಗಿನ ನಿಕೋಟಿನ್ ಸಣ್ಣ ನಾಳಗಳನ್ನು ಕುಗ್ಗಿಸುತ್ತದೆ.

ಈ ಚಿಕಿತ್ಸೆ ನೆಲೆಯೂರಿದ ನಂತರದ ದಶಕಗಳು ಸದ್ದಿಲ್ಲದೆ ಸರಿದವು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರಿ ಸಂಘಗಳ ಸದಸ್ಯರಿಗೆ ಶಸ್ತ್ರಚಿಕಿತ್ಸೆಯ ವೆಚ್ಚದ ಭಯವನ್ನು ಒಂದಿಷ್ಟು ಇಳಿಸಿತು. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಹಳ್ಳಿಯ ಗಾಯಾಳುವಿಗೂ ಗಾಡಿ ದೊರಕಿಸಿತು. ಉಳಿದದ್ದು ಘಾಟಿ. ಅಡಿಕೆ ಸುಲಿತ ಮಳೆಗಾಲ ಕಳೆದ ಮೇಲೆ ನಡೆಯುವುದರಿಂದ ಆ ಗಾಯಗಳಿಗೆ ಆಗುಂಬೆಯ ತಿರುವುಗಳು ಒಣಗಿಯೇ ಇರುತ್ತವೆ. ಕಳೆ ಕೊಚ್ಚುವ ಯಂತ್ರ ಹೊರಬರುವ ಮಳೆಯ ತಿಂಗಳುಗಳಲ್ಲಾದರೆ, ಧರೆ ಕುಸಿದಿದೆಯೇ, ದಾರಿ ಬಿಟ್ಟಿದ್ದಾರೆಯೇ ಎಂದು ಕೇಳಿಕೊಂಡೇ ಆಂಬುಲೆನ್ಸ್ ಹೊರಡಬೇಕಾಗುತ್ತದೆ.