ವಿಕಿರಣದ ಅಪಾಯವನ್ನು ಅಳೆದ ಬಗೆ

ರಾಂಟ್‌ಜನ್ 1895ರ ನವೆಂಬರಿನಲ್ಲಿ ಕ್ಷಕಿರಣಗಳನ್ನು (ಎಕ್ಸ್-ರೇ) ಕಂಡುಹಿಡಿದ. ಮರುವರ್ಷವೇ ಅವುಗಳೊಂದಿಗೆ ಕೆಲಸ ಮಾಡುವವರ ಕೈ ಕೆಂಪಾಗಿ ಸುಲಿಯುತ್ತದೆ, ಕೂದಲು ಉದುರುತ್ತದೆ ಎಂಬ ವರದಿಗಳು ಬರತೊಡಗಿದವು. ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಮೊದಲ ತಲೆಮಾರಿನ ವೈದ್ಯರು ಇದರಿಂದ ಕಲಿತದ್ದು, ವಿಕಿರಣದ ಹಾನಿಯೆಂದರೆ ಸುಟ್ಟ ಗಾಯ ಎಂದು. ಸುರಕ್ಷತೆಯ ಅಳತೆಯೂ ಚರ್ಮದ ಮೇಲೆಯೇ ನಿಂತಿತು: ಚರ್ಮ ಕೆಂಪಾಗಲು ಬೇಕಾದ ಪ್ರಮಾಣದ ನೂರನೇ ಒಂದು ಭಾಗವನ್ನು ತಿಂಗಳೊಂದರಲ್ಲಿ ದೇಹ ತಾಳಿಕೊಳ್ಳುತ್ತದೆ ಎಂದು 1925ರಲ್ಲಿ ಲೆಕ್ಕ ಹಾಕಲಾಯಿತು. 1934ರಲ್ಲಿ ಅಂತರರಾಷ್ಟ್ರೀಯ ಸಮಿತಿ ಒಪ್ಪಿದ ಮಿತಿ, ಅವನದೇ ಹೆಸರಿನ ಮಾನದಲ್ಲಿ, ದಿನಕ್ಕೆ 0.2 ರಾಂಟ್‌ಜನ್. ಇಂದು ವಿಕಿರಣ ಕಾರ್ಮಿಕನಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಎಂಬ ಮಿತಿಯಿದೆ. ಅಂದಿನ ಲೆಕ್ಕದಲ್ಲಿ ಅದು ಹತ್ತು ಹನ್ನೊಂದು ದಿನಕ್ಕೇ ಮುಗಿದುಹೋಗುತ್ತಿತ್ತು. ಅಂದಿನವರನ್ನು ಅಜಾಗರೂಕರು ಎಂದು ಹಳಿಯುವುದು ಅನ್ಯಾಯ. ಕಣ್ಣಿಗೆ ಕಂಡದ್ದನ್ನು ಅವರು ಅಳೆದರು. ‘ಹಾನಿ ಕಂಡಿಲ್ಲ’ ಎನ್ನುವವರನ್ನು ಎಷ್ಟು ಜನರನ್ನು, ಎಷ್ಟು ವರ್ಷ ನೋಡಿದಿರಿ ಎಂದು ಕೇಳುವುದನ್ನು ವಿಜ್ಞಾನ ಇನ್ನೂ ಕಲಿತಿರಲಿಲ್ಲ. ಈ ಕ್ಷೇತ್ರದ ಮುಂದಿನ ಪ್ರಗತಿಯೆಲ್ಲ ಆ ಒಂದು ಪ್ರಶ್ನೆಯಿಂದ ಬಂತು ಎಂಬುದು ನನ್ನ ವಾದ.

ತಡವಾಗಿ ಬರುವ ಹಾನಿಯನ್ನು ಎದ್ದು ಕಾಣುವಂತೆ ತೋರಿಸಿಕೊಟ್ಟವರು ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯ ಹೆಣ್ಣುಮಕ್ಕಳು. ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುವಾಗ ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡಿಕೊಳ್ಳುವಂತೆ ಅವರಿಗೆ ಹೇಳಿಕೊಡಲಾಗಿತ್ತು. ಕ್ಯಾಲ್ಸಿಯಂನ ಗುಣವನ್ನೇ ಹೋಲುವ ರೇಡಿಯಂ ಮೂಳೆಯಲ್ಲಿ ನೆಲೆಯೂರಿ, ವರ್ಷಗಳ ಮೇಲೆ ದವಡೆಯನ್ನು ಕೊಳೆಯಿಸಿತು, ಮೂಳೆಯ ಕ್ಯಾನ್ಸರ್ ತಂದಿತು. ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1925ರಲ್ಲಿ ಇದನ್ನು ದಾಖಲಿಸಿದರು. ಎರಡು ವರ್ಷಗಳ ಬಳಿಕ ಹರ್ಮನ್ ಮುಲ್ಲರ್ ಕ್ಷಕಿರಣದಿಂದ ಹಣ್ಣುನೊಣಗಳ ವಂಶವಾಹಿಗಳು ಬದಲಾಗುತ್ತವೆ ಎಂದು ತೋರಿಸಿದ ಮೇಲೆ, ಹಾನಿ ಮುಂದಿನ ಪೀಳಿಗೆಗೂ ದಾಟೀತು ಎಂಬ ಭಯ ಸೇರಿಕೊಂಡಿತು.

ಆ ಭಯದ ಪರೀಕ್ಷೆ ನಡೆದದ್ದು ಅಣುಬಾಂಬು ಬಿದ್ದ ಹಿರೋಶಿಮಾ, ನಾಗಸಾಕಿಗಳಲ್ಲಿ. ಬದುಕುಳಿದವರ ಮಕ್ಕಳೂ ಸೇರಿದಂತೆ ಅಲ್ಲಿ ಹುಟ್ಟಿದ 70,000ಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದರೂ ಆನುವಂಶಿಕ ಹಾನಿಯ ಸ್ಪಷ್ಟ ಏರಿಕೆ ಕಾಣಲಿಲ್ಲ. ಎಣಿಕೆ ಭಯವನ್ನು ತಗ್ಗಿಸಿದ್ದೂ ಉಂಟು ಎಂಬುದನ್ನು ಮರೆಯಬಾರದು. ಬಾಂಬಿಗೆ ಸಿಕ್ಕವರದೇ ಕತೆ ಬೇರೆ. 1950ರಿಂದ ಸುಮಾರು 1,20,000 ಜನರ ಆಯುಷ್ಯವನ್ನು ಅಲ್ಲಿ ಹಿಂಬಾಲಿಸಲಾಗುತ್ತಿದೆ. ಸ್ಫೋಟದ ಕ್ಷಣದಲ್ಲಿ ಎಲ್ಲಿದ್ದಿರಿ, ನಡುವೆ ಯಾವ ಗೋಡೆಯಿತ್ತು, ಮಾಡು ಯಾವುದರದು ಎಂದು ಬದುಕುಳಿದವರನ್ನು ಕೇಳಿ ಅವರ ಮೈಗೆ ತಗುಲಿದ ಪ್ರಮಾಣವನ್ನು ಅಂದಾಜಿಸಿದರು. ರಕ್ತದ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ, ಹೆಚ್ಚಿತು. ಹೊಟ್ಟೆ, ಶ್ವಾಸಕೋಶ, ಸ್ತನದ ಕ್ಯಾನ್ಸರ್‌ಗಳ ಏರಿಕೆ ತಿಳಿಯಲು ದಶಕಗಳೇ ಬೇಕಾದವು. 1955ರಲ್ಲಿ ಈ ಎಣಿಕೆಯ ಪುಸ್ತಕ ಮುಚ್ಚಿದ್ದರೆ ಬಾಂಬಿನ ವಿಕಿರಣದಿಂದ ಬರುವುದು ರಕ್ತದ ಕ್ಯಾನ್ಸರ್ ಮಾತ್ರ ಎಂದು ನಾವು ನಂಬಿರುತ್ತಿದ್ದೆವು.

ಬಾಂಬಿನ ಪಾಠ ಬಂದದ್ದು ಮುಖ್ಯವಾಗಿ ಒಮ್ಮೆಲೇ ಎರಗಿದ ದೊಡ್ಡ ಪ್ರಮಾಣಗಳಿಂದ. ಸಣ್ಣ ಪ್ರಮಾಣದ ಪ್ರಶ್ನೆಯನ್ನು ಎತ್ತಿದವರು ಆಕ್ಸ್‌ಫರ್ಡಿನ ವೈದ್ಯೆ ಆಲಿಸ್ ಸ್ಟೀವರ್ಟ್. ಕ್ಯಾನ್ಸರ್‌ನಿಂದ ತೀರಿಕೊಂಡ ಮಕ್ಕಳ ತಾಯಂದಿರನ್ನೂ ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ಒಂದೇ ಪ್ರಶ್ನೆಗಳಿಂದ ವಿಚಾರಿಸಿ, ಗರ್ಭಿಣಿಯಾಗಿದ್ದಾಗ ಹೊಟ್ಟೆಯ ಎಕ್ಸ್-ರೇ ತೆಗೆಸಿಕೊಂಡವರು ಮೊದಲ ಗುಂಪಿನಲ್ಲಿ ಸುಮಾರು ಎರಡು ಪಟ್ಟು ಇದ್ದಾರೆಂದು ಅವರು 1956ರಲ್ಲಿ ಪ್ರಕಟಿಸಿದರು. ಮಗುವನ್ನು ಕಳೆದುಕೊಂಡ ತಾಯಿಗೆ ಹಿಂದಿನದೆಲ್ಲ ಹೆಚ್ಚು ನೆನಪಿರುತ್ತದೆ, ವ್ಯತ್ಯಾಸ ನೆನಪಿನದು ಎಂಬ ಆಕ್ಷೇಪ ಬಂತು. ಆಕ್ಷೇಪ ನ್ಯಾಯವಾದದ್ದೇ. ಆದರೆ 1962ರಲ್ಲಿ ಬ್ರಯಾನ್ ಮ್ಯಾಕ್‌ಮಹಾನ್ ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನಷ್ಟೇ ಆಧರಿಸಿ, ಯಾರ ನೆನಪನ್ನೂ ಕೇಳದೆ, ಕ್ಯಾನ್ಸರ್ ಸಾವಿನಲ್ಲಿ ಸುಮಾರು ಶೇಕಡಾ 40ರಷ್ಟು ಏರಿಕೆ ಕಂಡರು. ಕಾಯಿಲೆಯ ಶಂಕೆಯಿದ್ದ ಬಸುರಿಯರಿಗೇ ಎಕ್ಸ್-ರೇ ಮಾಡಿಸಿರಬಹುದು ಎಂಬ ಇನ್ನೊಂದು ಸಂದೇಹಕ್ಕೆ ಅವಳಿಗಳು ಉತ್ತರ ಕೊಟ್ಟರು: ಅವಳಿ ಎಂಬ ಕಾರಣಕ್ಕೇ ಎಕ್ಸ್-ರೇ ಕಂಡ ಮಕ್ಕಳಲ್ಲೂ ಅಪಾಯ ಹಾಗೆಯೇ ಇತ್ತು. ಒಂದೊಂದು ಆಕ್ಷೇಪವೂ ಇಲ್ಲಿ ಹೊಸದೊಂದು ಎಣಿಕೆಯನ್ನು ಹುಟ್ಟಿಸಿತು. ಈ ಇತಿಹಾಸದಲ್ಲಿ ನನಗೆ ಅತ್ಯಂತ ಹೆಮ್ಮೆ ತರುವ ಭಾಗ ಇದು.

ಅಪಾಯಕ್ಕೆ ಕೆಳಮಿತಿಯೇ ಇಲ್ಲ ಎಂಬ ಇಂದಿನ ನಿಲುವು ಅತಿಯಾಯಿತು ಎನ್ನುವವರಿದ್ದಾರೆ. ಕೇರಳದ ಕರುನಾಗಪಳ್ಳಿಯ, ವಿಕಿರಣ ಸೂಸುವ ಥೋರಿಯಂ ಮರಳಿನ ಕಡಲತೀರವನ್ನು ಅವರು ತೋರಿಸುತ್ತಾರೆ. ಅಲ್ಲಿನ ಸುಮಾರು 70,000 ಜನರನ್ನು ಸರಾಸರಿ ಹತ್ತು ವರ್ಷ ಗಮನಿಸಿದ 2009ರ ವರದಿಯಲ್ಲಿ ಕ್ಯಾನ್ಸರ್ ಏರಿಕೆ ಕಾಣಲಿಲ್ಲ. ದೊಡ್ಡ ಅಪಾಯವಿಲ್ಲ ಎಂದು ಅದರಿಂದ ಧೈರ್ಯವಾಗಿ ಹೇಳಬಹುದು. ಸಣ್ಣ ಅಪಾಯ ಅಷ್ಟು ಜನರಲ್ಲಿ, ಅಷ್ಟು ಕಾಲದಲ್ಲಿ ಆಕಸ್ಮಿಕದ ಏರಿಳಿತದೊಳಗೆ ಅಡಗಿಬಿಡಬಲ್ಲದು. ಮೂರು ದೇಶಗಳ ಮೂರು ಲಕ್ಷಕ್ಕೂ ಹೆಚ್ಚು ಅಣು ಕಾರ್ಮಿಕರನ್ನು ದಶಕಗಟ್ಟಲೆ ಹಿಂಬಾಲಿಸಿದಾಗ, ನಿಧಾನವಾಗಿ ಕೂಡಿದ ಸಣ್ಣ ಪ್ರಮಾಣಗಳ ಜೊತೆಗೂ ಕ್ಯಾನ್ಸರ್ ಸಾವು ಏರುವುದು ಕಂಡಿತು. ವಿಕಿರಣಕ್ಕಿಂತ ಭಯವೇ ಹೆಚ್ಚು ಕೊಲ್ಲುತ್ತದೆ ಎಂಬ ಅವರ ಮಾತನ್ನು ಮಾತ್ರ ನಾನು ಅರ್ಧ ಒಪ್ಪುತ್ತೇನೆ. ಫುಕುಶಿಮಾದ ಅಣುಸ್ಥಾವರ ದುರಂತದ ಬಳಿಕ ವೃದ್ಧರನ್ನು, ರೋಗಿಗಳನ್ನು ಅವಸರದಲ್ಲಿ ಸ್ಥಳಾಂತರಿಸಿದ್ದು ಅನೇಕರ ಜೀವ ತೆಗೆಯಿತು. ಆದರೆ ಅದಕ್ಕೆ ಮದ್ದು ಅಪಾಯವನ್ನು ಅಲ್ಲಗಳೆಯುವುದಲ್ಲ, ಎಷ್ಟೆಂದು ಹೇಳುವುದು. ಯೂರೋಪಿನ ಒಂಬತ್ತು ದೇಶಗಳ ಒಂಬತ್ತು ಲಕ್ಷಕ್ಕೂ ಹೆಚ್ಚು ಎಳೆಯರ ಸಿಟಿ ಸ್ಕ್ಯಾನ್ ದಾಖಲೆಗಳ ಮೇಲೆ 2023ರಲ್ಲಿ ಬಂದ ಅಧ್ಯಯನ ಅದನ್ನೇ ಮಾಡಿದೆ: 10,000 ಮಕ್ಕಳಿಗೆ ಇಂದು ತಲಾ ಒಂದು ಸ್ಕ್ಯಾನ್ ಮಾಡಿದರೆ ಮುಂದಿನ 12 ವರ್ಷಗಳಲ್ಲಿ ಒಬ್ಬಿಬ್ಬರಿಗೆ ಅದರಿಂದ ರಕ್ತದ ಕ್ಯಾನ್ಸರ್ ಬಂದೀತು. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ ಮಗುವಿಗೆ ಸ್ಕ್ಯಾನ್ ಬೇಕೇಬೇಕು ಎಂದು, ಸಾಮಾನ್ಯ ತಲೆನೋವಿಗೆ ಬೇಡ ಎಂದು ವೈದ್ಯರು ಈ ಅಂಕಿಯನ್ನು ಮುಂದಿಟ್ಟು ತಾಯ್ತಂದೆಯರಿಗೆ ಬಿಡಿಸಿ ಹೇಳಬಹುದು.